ಮೂರು ಗೆರೆ

ಹಲಗೆಯ ಮೇಲೆ ಮೂರು ಗೆರೆ ಎಳೆದೆ.
ಮೊದಲನೆಯದು ಮೊಳ, ಕೊನೆಯದು ಗೇಣು,
ನಡುವಿನದು ಅತ್ತಲೂ ಇಲ್ಲ ಇತ್ತಲೂ ಇಲ್ಲ.
ಪಕ್ಕಕ್ಕೆ ಇನ್ನೊಂದು, ಗೇಣಿನದೇ ಅಳತೆ.
ಇದಕ್ಕೆ ಸಮ ಯಾವುದು?
ಎಳೆಮಗುವೂ ಹೇಳೀತು.

ಏಳು ಮಂದಿಗೆ ಮೊದಲೇ ಹೇಳಿಕೊಟ್ಟಿದ್ದೆ,
ಸ್ಟಾಫ್ ರೂಮಿನಲ್ಲಿ, ಚಕ್ಕುಲಿ ಲಂಚ ಕೊಟ್ಟು:
ತಪ್ಪು ಹೇಳಿ, ಗಂಭೀರವಾಗಿ. ನಗಬೇಡಿ.
ಗೋಣಿಕೊಪ್ಪದ ಕಾಲೇಜು, ಜನವರಿ, ಊಟದ ನಂತರದ ಪೀರಿಯಡ್ಡು,
ಕಿಟಕಿಯಾಚೆ ಯಾರದೋ ಕಣದಿಂದ
ಒಣಗುವ ಹಣ್ಣಿನ ಹುಳಿ ವಾಸನೆ.

ಬಿದ್ದಪ್ಪ ಎದ್ದು, ಮೊದಲನೆಯದು, ಅಂದ.
ಸಫೂರಾ: ಮೊದಲನೆಯದು, ಮಿಸ್.
ದೇಚಮ್ಮ, ನಾಟಕದವಳು, ಕನ್ನಡಕ ಒರೆಸಿ
ತಲೆ ಓರೆ ಮಾಡಿ ನೋಡಿ: ಮೊದಲನೆಯದೇ.
ಹೀಗೆ ಏಳು ಸಲ.
ಎಂಟನೆಯವಳು ಮುತ್ತಿ.
ಹಲಗೆ ನೋಡಲಿಲ್ಲ. ನನ್ನ ಕೈಯ ಸೀಮೆಸುಣ್ಣ ನೋಡಿದಳು.
ಮೊದಲನೆಯದು.

ಕ್ಲಾಸು ಗೊಳ್ಳೆಂದಿತು.
ನಾನು ಪಾಠ ಶುರು ಮಾಡಿದೆ:
ಗುಂಪು ಹೇಳಿದ್ದನ್ನು ಕಣ್ಣು ನಂಬುತ್ತದೆ,
ಕಣ್ಣು ನಂಬದಿದ್ದರೂ ನಾಲಿಗೆ ಹೇಳುತ್ತದೆ.
ಅನುಸರಣೆ ಅಂತ ಬರೆದುಕೊಳ್ಳಿ, ಐದು ಅಂಕಕ್ಕೆ ಬರುತ್ತೆ.

ಕಳೆದ ತಿಂಗಳ ವ್ಯಕ್ತಿತ್ವದ ಪ್ರಶ್ನಾವಳಿಯಲ್ಲಿ
ಇವಳ ಹಾಳೆಗೆ ನಾನೇ ಬರೆದದ್ದು, ಕೆಂಪು ಶಾಯಿಯಲ್ಲಿ:
ಅಂತರ್ಮುಖಿ. ಒಪ್ಪಿಕೊಂಡು ಹೋಗುವ ಸ್ವಭಾವ.
‘ನಾಲ್ಕು ಜನರಿರುವಲ್ಲಿ ನಾನು ಹೆಚ್ಚು ಮಾತಾಡುತ್ತೇನೆ’
ಹೌದು, ಇಲ್ಲ, ಹೇಳಲಾರೆ, ಮೂರಕ್ಕೂ ಗುರುತು ಹಾಕದೆ
ಅಂಚಿನಲ್ಲಿ ಪೆನ್ಸಿಲಿನಿಂದ ಕೇಳಿದ್ದಳು,
ಯಾವ ನಾಲ್ಕು ಜನ?
ಅಪೂರ್ಣ ಎಂದು ಸುತ್ತು ಹಾಕಿದ್ದೆ.

ಬೆಲ್ಲಾದ ಮೇಲೆ ಬಂದಳು,
ತಿತಿಮತಿ ಬಸ್ಸಿಗೆ ಇನ್ನೂ ಹತ್ತು ನಿಮಿಷ.
ನನಗೆ ಸರಿಯಾಗೇ ಕಂಡಿತ್ತು, ಮಿಸ್.
ಮತ್ತೆ?
ನಮ್ಮದು ಲೈನ್ ಮನೆ ಅಲ್ವಾ. ಸಂಜೆ ತೂಕಕ್ಕೆ ನಿಲ್ತೀವಿ.
ಮುಳ್ಳು ನಲವತ್ತೆರಡರಲ್ಲಿರುತ್ತೆ,
ರೈಟರು ಮೂವತ್ತೆಂಟು ಅಂತಾರೆ.
ಅವ್ವ ಮೂವತ್ತೆಂಟು ಅಂತಾಳೆ, ಚಿಕ್ಕವ್ವನೂ ಅಂತಾಳೆ.
ಕಣ್ಣು ಎಲ್ಲರದೂ ಚೆನ್ನಾಗೇ ಇದೆ.

ಆಮೇಲೆ ನಕ್ಕಳು. ರಾತ್ರಿ ಲೈನಿನಲ್ಲಿ
ರೈಟರು ನಡೆಯೋದನ್ನ ನಡೆದು ತೋರಿಸ್ತೀನಿ ಮಿಸ್,
ಹೊಟ್ಟೆ ಹಿಡ್ಕೊಂಡು ಬೀಳ್ತಾರೆ.
ಬಸ್ಸು ಬಂತು.

ಇನ್ನೊಬ್ಬರು ಎಡವಿದರೆ ಅವರ ಕಾಲು ಸರಿಯಿಲ್ಲ,
ನಾವು ಎಡವಿದರೆ ದಾರಿಯಲ್ಲಿ ಕಲ್ಲು.
ಹದಿನಾರು ವರ್ಷದಿಂದ ಇದನ್ನೂ ಪಾಠ ಮಾಡಿದ್ದೇನೆ,
ಬೇರೆ ಅಧ್ಯಾಯ.

ಭಾನುವಾರ ನಮ್ಮ ಕಣದಲ್ಲೂ ತೂಕ.
ಹದಿನೆಂಟು ಎಕರೆ, ದೊಡ್ಡದೇನಲ್ಲ,
ಹೀಗೆ ಹೇಳುವುದು ನಮ್ಮಲ್ಲಿ ರೂಢಿ.
ತಲೆಗೆ ವಸ್ತ್ರ ಸುತ್ತಿದ ಹೆಂಗಸರು ಸಾಲಾಗಿ,
ಮದುವೆಯಾಗಿ ಬಂದಾಗಿನಿಂದ ತಕ್ಕಡಿಯ ಬಳಿ ಹೋಗದವಳು
ಅಂದು ಹೋಗಿ ನಿಂತೆ.
ಬಾವ ಓದಿದರು: ನಲವತ್ತೊಂದು.
ಮುಳ್ಳು ನಲವತ್ತನಾಲ್ಕಕ್ಕೆ ತಾಗಿ, ನಡುಗಿ, ನಿಂತಿತ್ತು.

ಗೋಣಿಯ ತೂಕ ಕಳೆದಿರಬಹುದು.
ಎಲೆ, ಕಡ್ಡಿ, ಬೆಳಗಿನ ಮಂಜಿನ ನೀರು ಇರಬಹುದು.
ಬಾವ ಮೋಸದವರಲ್ಲ, ಕನ್ನಡಕ ಬದಲಿಸಬೇಕಿದೆ, ಅಷ್ಟೆ.
ಒಂದು ಉಸಿರಿನಲ್ಲಿ ಎಷ್ಟು ಕಾರಣ!
ಹೆಂಗಸು ಹೂಂ ಅಂದಳು. ಹಿಂದಿನವಳು ಮುಂದೆ ಬಂದಳು.
ಜಗುಲಿಯಲ್ಲಿ ಅತ್ತೆ, ಜೀಪಿಗೆ ಒರಗಿ ಗಂಡ,
ಯಾರೂ ನನಗೇನೂ ಹೇಳಿಕೊಟ್ಟಿರಲಿಲ್ಲ,
ಚಕ್ಕುಲಿ ಕೂಡ ಕೊಟ್ಟಿರಲಿಲ್ಲ.
ಬಾಯಿ ತೆರೆದೆ:
ಎಲ್ಲರದೂ ಕಾಫಿ ಆಯ್ತಾ?

ಸೋಮವಾರ ಹಲಗೆ ಒರೆಸಿದ್ದರೂ
ಮೂರು ಗೆರೆ ಮಸುಕಾಗಿ ಉಳಿದಿದ್ದವು.
ಹಾಜರಿ ಕರೆದೆ. ಮುತ್ತಿ ಎಸ್ ಮಿಸ್ ಅಂದಳು, ಎಂದಿನ ದನಿ.
ಸ್ಟಾಫ್ ರೂಮಿಗೆ ಬಂದು ಅವಳ ಹಾಳೆ ಹುಡುಕಿ
ಅಂತರ್ಮುಖಿ ಎಂಬುದನ್ನು ಹೊಡೆದು ಹಾಕಿದೆ.
ಅಲ್ಲಿ ಬರೆಯಲು ಬೇರೆ ಪದ ಬರಲಿಲ್ಲ.

ಅದರ ಕೆಳಗೆ ನನ್ನದೂ ಇತ್ತು, ಮಾದರಿಗೆಂದು ತುಂಬಿದ್ದು.
ಹದಿನಾಲ್ಕನೆಯದು:
‘ನನಗೆ ಸರಿ ಕಂಡದ್ದನ್ನು ಯಾರೆದುರೂ ಹೇಳಬಲ್ಲೆ.’
ಹೌದು ಎಂಬಲ್ಲಿ ಗುರುತು,
ಎಷ್ಟು ಒತ್ತಿ ಹಾಕಿದ್ದೇನೆಂದರೆ
ಹಾಳೆ ಮಗುಚಿದರೂ ಬೆರಳಿಗೆ ಸಿಗುತ್ತದೆ.